ಕ್ಯೂಟಿ 6.8 ಬೀಟಾ: ಸೋರ್ಸ್‌ನಿಂದ ಬಿಲ್ಡ್ ಮಾಡುವಾಗ ಎಲ್ಲಿ ಕೈಕೊಡುತ್ತದೆ, ಯಾಕೆ

ಯಂತ್ರ ಇದು: ಉಬುಂಟು 24.04, 8 ಕೋರ್ 16 ಥ್ರೆಡ್‌ನ ಪ್ರೊಸೆಸರ್, 16 ಜಿಬಿ ರ‍್ಯಾಮ್, ಡಿಸ್ಕಿನಲ್ಲಿ 60 ಜಿಬಿ ಖಾಲಿ. ಕಂಪೈಲರ್ ಜಿಸಿಸಿ 13, ಬಿಲ್ಡ್‌ಗೆ ಸಿದ್ಧತೆ ಮಾಡುವ ಸಿಮೇಕ್ 3.28, ಬಿಲ್ಡ್ ಓಡಿಸುವ ನಿಂಜಾ, ಮೂರೂ ಉಬುಂಟುವಿನದೇ ಪ್ಯಾಕೇಜುಗಳು. ಬಿಲ್ಡ್ ಮಾಡಬೇಕಾದದ್ದು, ಅಂದರೆ ಸೋರ್ಸ್ ಕೋಡಿನಿಂದ ಓಡುವ ರೂಪಕ್ಕೆ ತರಬೇಕಾದದ್ದು, ಕ್ಯೂಟಿ 6.8ರ ಮೊದಲ ಬೀಟಾ. ಕ್ಯೂಟಿ ಎಂದರೆ ಕಿಟಕಿ, ಬಟನ್‌ಗಳಿರುವ ಅಪ್ಲಿಕೇಶನ್ ಬರೆಯಲು ಬಳಸುವ ಲೈಬ್ರರಿಗಳ ಗುಂಪು, ಬೀಟಾ ಎಂದರೆ ಅಂತಿಮ ಆವೃತ್ತಿಗೆ ಮುಂಚಿನ ಪರೀಕ್ಷಾ ಪ್ರತಿ. ಕೆಲಸ ಮುಗಿಯಿತು ಎನ್ನಬೇಕಾದರೆ ಮೂರು ಸಂಗತಿ ಆಗಬೇಕು: ಕ್ಯೂಟಿಯ ಪರದೆ ವಿನ್ಯಾಸದ ಭಾಷೆ ಕ್ಯೂಎಂಎಲ್‌ನಲ್ಲಿ ಬರೆದ ಸಣ್ಣ ಅಪ್ಲಿಕೇಶನ್ ಒಂದು ತೆರೆಯಬೇಕು, ಅದರಲ್ಲಿ ಕನ್ನಡ ಒತ್ತಕ್ಷರ ಸಮೇತ ಸರಿಯಾಗಿ ಕಾಣಬೇಕು, ಲಿನಕ್ಸ್‌ನ ಟೈಪಿಂಗ್ ವ್ಯವಸ್ಥೆ ಐಬಸ್ ಮೂಲಕ ಕನ್ನಡ ಟೈಪ್ ಆಗಬೇಕು.

6.8ರ ಅಂತಿಮ ಆವೃತ್ತಿ 2024ರ ಅಕ್ಟೋಬರಿನಲ್ಲೇ ಬಂದಿದೆ. ಆದರೂ ಯಾವುದೋ ದೋಷ ಎಲ್ಲಿ ನುಸುಳಿತು ಎಂದು ಹುಡುಕುವಾಗ ಬೀಟಾವನ್ನು ಮತ್ತೆ ಬಿಲ್ಡ್ ಮಾಡಬೇಕಾಗುತ್ತದೆ. ಮುಂದಿನ ಆವೃತ್ತಿಗಳ ಬೀಟಾಗಳಲ್ಲೂ ತೊಡಕುಗಳು ಹೆಚ್ಚುಕಡಿಮೆ ಇವೇ. ಅಂದಹಾಗೆ ಹೆಸರನ್ನು ‘ಕ್ಯೂಟ್’ ಎನ್ನಬೇಕು ಅನ್ನುವುದು ಅದನ್ನು ಮಾಡಿದವರ ಆಸೆ. ಬಳಸುವವರ ಬಾಯಲ್ಲಿ ಅದು ಕ್ಯೂಟಿಯೇ. ಕಮ್ಯಾಂಡು, ಫೈಲ್ ಹೆಸರುಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಬೇಕು.

ಸೋರ್ಸ್ ತರುವಾಗಲೇ ಆಗುವ ಎಡವಟ್ಟು

ಕ್ಯೂಟಿ ಎಂದರೆ ಹತ್ತಾರು ಗಿಟ್ ಸಬ್‌ಮಾಡ್ಯೂಲ್‌ಗಳು (ತಮ್ಮದೇ ರೆಪಾಸಿಟರಿಯಿರುವ ತುಂಡುಗಳು), ಅವನ್ನೆಲ್ಲ ಹಿಡಿದಿಟ್ಟ ಒಂದು ಮೇಲಿನ ರೆಪಾಸಿಟರಿ. ಆ ರೆಪಾಸಿಟರಿಯ ಹೆಸರು ಈಗಲೂ ‘ಕ್ಯೂಟಿ5’. 6ರ ಸೋರ್ಸ್ ಕೂಡ ಅಲ್ಲಿಂದಲೇ ಬರುವುದು, ತಪ್ಪು ಜಾಗಕ್ಕೆ ಬಂದೆವೇನೋ ಎಂದು ಗಾಬರಿ ಬೀಳಬೇಕಿಲ್ಲ. ಮೊದಲು ಕ್ಲೋನ್, ಆಮೇಲೆ ಬೀಟಾದ ಟ್ಯಾಗ್‌ಗೆ ಚೆಕೌಟ್, ಅದಾದ ಮೇಲೆ ಮಾಡ್ಯೂಲ್‌ಗಳನ್ನು ಇಳಿಸುವ ಇನಿಟ್-ರೆಪಾಸಿಟರಿ ಸ್ಕ್ರಿಪ್ಟ್. ಈ ಕ್ರಮ ತಪ್ಪಬಾರದು. ಸ್ಕ್ರಿಪ್ಟನ್ನು ಮೊದಲೇ ಓಡಿಸಿ ಆಮೇಲೆ ಟ್ಯಾಗ್ ಬದಲಿಸಿದರೆ ಮೇಲಿನ ರೆಪಾಸಿಟರಿ ಮಾತ್ರ ಬೀಟಾಕ್ಕೆ ಹೋಗುತ್ತದೆ, ಒಳಗಿನ ಮಾಡ್ಯೂಲ್‌ಗಳು ಇದ್ದಲ್ಲೇ ಕೂರುತ್ತವೆ.

ಇದು ಪತ್ತೆಯಾಗುವುದು ತಡವಾಗಿ. ಬುನಾದಿಯ ಮಾಡ್ಯೂಲ್ ಕ್ಯೂಟಿಬೇಸ್ ಪೂರ್ತಿ ಕಂಪೈಲ್ ಆಗುತ್ತದೆ. ಕ್ಯೂಎಂಎಲ್ ಇರುವ ಮಾಡ್ಯೂಲ್ ಕ್ಯೂಟಿಡಿಕ್ಲರೇಟಿವ್ ಅರ್ಧಕ್ಕೆ ಬಂದಾಗ ‘ಈ ಹೆಸರಿನ ಮೆಂಬರ್ ಇಲ್ಲ’ ಎಂಬ ಎರರ್‌ಗಳ ಸುರಿಮಳೆ. ನೋಡಿದರೆ ಅವೆಲ್ಲ ‘ಅಂಡರ್‌ಸ್ಕೋರ್ ಪಿ’ ಎಂದು ಕೊನೆಯಾಗುವ ಹೆಡರ್‌ಗಳಿಗೆ (ಬೇರೆ ಕೋಡ್ ತನ್ನೊಳಗೆ ಸೇರಿಸಿಕೊಳ್ಳುವ ಘೋಷಣೆಗಳ ಫೈಲ್‌ಗಳಿಗೆ) ಸಂಬಂಧಿಸಿದವು. ಅವು ಕ್ಯೂಟಿಬೇಸ್‌ನ ಖಾಸಗಿ ಹೆಡರ್‌ಗಳು. ಡಿಕ್ಲರೇಟಿವ್ ಅವನ್ನು ಧಾರಾಳವಾಗಿ ಬಳಸುತ್ತದೆ, ಅವು ಹಾಗೇ ಉಳಿಯುತ್ತವೆ ಎಂಬ ಭರವಸೆಯನ್ನು ಮಾತ್ರ ಯಾರೂ ಕೊಟ್ಟಿಲ್ಲ. ಸಿಮೇಕ್ ಇದನ್ನು ಮೊದಲೇ ಹಿಡಿಯಬೇಕಿತ್ತಲ್ಲ ಎನಿಸಬಹುದು. ಅದು ಹಿಡಿಯುವುದಿಲ್ಲ, ಯಾಕೆಂದರೆ ಮಾಡ್ಯೂಲ್‌ಗಳು ಒಂದನ್ನೊಂದು ಹುಡುಕುವಾಗ ನೋಡುವುದು ಆವೃತ್ತಿಯ ಅಂಕಿಯನ್ನು ಮಾತ್ರ. ಮೊದಲ ಬೀಟಾ, ಎರಡನೇ ಬೀಟಾ, ಅಂತಿಮ ಆವೃತ್ತಿ, ಎಲ್ಲದರ ಅಂಕಿಯೂ 6.8.0. ‘ಬೀಟಾ1’ ಎಂಬ ತುಂಡು ಪ್ರತಿ ಮಾಡ್ಯೂಲಿನ ‘ಡಾಟ್ ಸಿಮೇಕ್ ಡಾಟ್ ಕಾನ್ಫ್’ ಫೈಲಿನಲ್ಲಿ ಬೇರೆ ಸಾಲಾಗಿ ಇರುತ್ತದೆ, ಹೋಲಿಕೆಗೆ ಅದು ಬರುವುದೇ ಇಲ್ಲ.

ಪರೀಕ್ಷೆ ಸುಲಭ. ‘ಗಿಟ್ ಸಬ್‌ಮಾಡ್ಯೂಲ್ ಸ್ಟೇಟಸ್’ ಓಡಿಸಿ, ಪ್ರತಿ ಸಾಲಿನ ಮೊದಲ ಅಕ್ಷರ ನೋಡಿ. ಖಾಲಿ ಜಾಗವಿದ್ದರೆ ಸರಿ. ಪ್ಲಸ್ ಗುರುತಿದ್ದರೆ ಆ ಮಾಡ್ಯೂಲ್ ಇರಬೇಕಾದ ಕಮಿಟ್‌ನಲ್ಲಿ ಇಲ್ಲ. ಮೈನಸ್ ಇದ್ದರೆ ಅದನ್ನು ಇಳಿಸಿಯೇ ಇಲ್ಲ. ಪ್ಲಸ್ ಕಂಡ ಕಡೆ ‘ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್’ ಸಾಕು. ಬೇಕಾದ ಮಾಡ್ಯೂಲ್‌ಗಳು ಐದೇ: ಕ್ಯೂಟಿಬೇಸ್, ಕ್ಯೂಟಿಶೇಡರ್‌ಟೂಲ್ಸ್, ಕ್ಯೂಟಿಎಸ್‌ವಿಜಿ, ಕ್ಯೂಟಿಲ್ಯಾಂಗ್ವೇಜ್‌ಸರ್ವರ್, ಕ್ಯೂಟಿಡಿಕ್ಲರೇಟಿವ್. ಇನಿಟ್-ರೆಪಾಸಿಟರಿಗೆ ‘ಮಾಡ್ಯೂಲ್-ಸಬ್‌ಸೆಟ್’ ಆಯ್ಕೆಯಲ್ಲಿ ಇವನ್ನಷ್ಟೇ ಕೊಡಿ. ಎಲ್ಲವನ್ನೂ ಇಳಿಸಿದರೆ ವೆಬ್‌ಎಂಜಿನ್ ಹೆಸರಿನಲ್ಲಿ ಇಡೀ ಕ್ರೋಮಿಯಂ ಬ್ರೌಸರ್‌ನ ಕೋಡು ಮನೆಗೆ ಬಂದು ಕೂರುತ್ತದೆ.

ಪಟ್ಟಿಯಲ್ಲಿ ಶೇಡರ್‌ಟೂಲ್ಸ್ ಯಾಕೆ ಎಂಬುದು ಗೊತ್ತಿರಬೇಕು. ಕ್ಯೂಎಂಎಲ್ ಪರದೆಯನ್ನು ಬಿಡಿಸುವ ಕ್ಯೂಟಿ ಕ್ವಿಕ್ ತನ್ನ ಶೇಡರ್‌ಗಳನ್ನು (ಗ್ರಾಫಿಕ್ಸ್ ಚಿಪ್ ಓಡಿಸುವ ಪುಟ್ಟ ಪ್ರೋಗ್ರಾಮುಗಳು) ಬಿಲ್ಡ್ ಹೊತ್ತಿನಲ್ಲೇ ‘ಕ್ಯೂಎಸ್‌ಬಿ’ ಎಂಬ ಟೂಲ್‌ನಿಂದ ತಯಾರು ಮಾಡಿಕೊಳ್ಳುತ್ತದೆ, ಆ ಟೂಲ್ ಇರುವುದು ಶೇಡರ್‌ಟೂಲ್ಸ್ ಮಾಡ್ಯೂಲಿನಲ್ಲಿ. ಅದು ಸಿಗದಿದ್ದರೆ ಡಿಕ್ಲರೇಟಿವ್ ಬೀಳುವುದಿಲ್ಲ. ‘ಕ್ಯೂಎಸ್‌ಬಿ ಸಿಗದ ಕಾರಣ ಕ್ಯೂಟಿ ಕ್ವಿಕ್ ಮಾಡ್ಯೂಲ್‌ಗಳನ್ನು ಬಿಲ್ಡ್ ಮಾಡುತ್ತಿಲ್ಲ’ ಎಂಬರ್ಥದ ಒಂದು ಎಚ್ಚರಿಕೆ ಕೊಟ್ಟು, ಕ್ಯೂಎಂಎಲ್ ಎಂಜಿನ್ ಅಷ್ಟನ್ನೇ ಬಿಲ್ಡ್ ಮಾಡಿ, ಎಲ್ಲ ಸುಸೂತ್ರ ಎಂದು ಮುಗಿಸುತ್ತದೆ. ನೂರಾರು ಸಾಲುಗಳ ನಡುವೆ ಆ ಒಂದು ಸಾಲನ್ನು ಯಾರು ಓದುತ್ತಾರೆ? ಎರಡು ದಿನ ಬಿಟ್ಟು ಅಪ್ಲಿಕೇಶನ್ ಕಂಪೈಲ್ ಮಾಡುವಾಗ ‘ಕ್ಯೂಟಿ6ಕ್ವಿಕ್ ಸಿಗುತ್ತಿಲ್ಲ’ ಎಂದಾಗಲೇ ಕಣ್ಣು ಬಿಡುವುದು.

ಎರರ್ ಇಲ್ಲದೆ ಮುಗಿದ ಕಾನ್ಫಿಗರ್

ಈ ಕೆಲಸದ ಜೀವವಿರುವುದು ಕಾನ್ಫಿಗರ್ ಹಂತದಲ್ಲಿ, ಅಂದರೆ ಯಂತ್ರದಲ್ಲಿ ಏನೇನಿದೆ ಎಂದು ನೋಡಿ ಏನೇನು ಬಿಲ್ಡ್ ಮಾಡಬೇಕೆಂದು ತೀರ್ಮಾನಿಸುವ ಹಂತದಲ್ಲಿ. ಕ್ಯೂಟಿಯ ಕಾನ್ಫಿಗರ್ ಸಭ್ಯ ಅತಿಥಿಯ ಥರ: ಬಡಿಸಿದ್ದನ್ನು ಉಣ್ಣುತ್ತದೆ, ಬಡಿಸದ್ದನ್ನು ಕೇಳುವುದಿಲ್ಲ. ಫಾಂಟ್ ಹುಡುಕಿಕೊಡುವ ಫಾಂಟ್‌ಕಾನ್ಫಿಗ್‌ನ ಹೆಡರ್ ಇಲ್ಲವೇ, ಆಯಿತು, ಅದಿಲ್ಲದೆ ಬಿಲ್ಡ್. ಎಕ್ಸ್11 ಡೆಸ್ಕ್‌ಟಾಪಿನಲ್ಲಿ ಕಿಟಕಿ ತೆರೆಯಲು ಬೇಕಾದ ಎಕ್ಸ್‌ಸಿಬಿ ಇಲ್ಲವೇ, ಲಿನಕ್ಸ್‌ಎಫ್‌ಬಿಯಂಥ ಇನ್ನೊಂದು ಬ್ಯಾಕೆಂಡ್ ಇದ್ದರೆ ಸಾಕು. ಸುರಕ್ಷಿತ ಸಂಪರ್ಕ (ಟಿಎಲ್‌ಎಸ್) ಕೊಡುವ ಓಪನ್‌ಎಸ್‌ಎಸ್‌ಎಲ್ ಹೆಡರ್ ಇಲ್ಲವೇ, ಆ ಟಿಎಲ್‌ಎಸ್ ಬ್ಯಾಕೆಂಡ್ ಇಲ್ಲದೆಯೇ ಬಿಲ್ಡ್. ಅಪ್ಲಿಕೇಶನ್ ಎಚ್‌ಟಿಟಿಪಿಎಸ್ ವಿಳಾಸ ತೆರೆಯಲು ಹೋದಾಗ ‘ಕೆಲಸ ಮಾಡುವ ಟಿಎಲ್‌ಎಸ್ ಬ್ಯಾಕೆಂಡ್ ಸಿಗಲಿಲ್ಲ’ ಎಂಬ ಉತ್ತರ.

ಆದ್ದರಿಂದ ಬೇಕಾದ್ದನ್ನೆಲ್ಲ ಬೇಕೇ ಬೇಕು ಎಂದು ಬರೆದು ಕೊಡಬೇಕು. ಸೋರ್ಸ್‌ನ ಪಕ್ಕದಲ್ಲೊಂದು ಖಾಲಿ ಬಿಲ್ಡ್ ಫೋಲ್ಡರ್ ಮಾಡಿ, ಅದರೊಳಗೆ ನಿಂತು ಸೋರ್ಸ್‌ನ ಕಾನ್ಫಿಗರ್ ಸ್ಕ್ರಿಪ್ಟನ್ನು ಈ ಆಯ್ಕೆಗಳೊಡನೆ ಕರೆಯಿರಿ:

-ಪ್ರಿಫಿಕ್ಸ್ /ಆಪ್ಟ್/ಕ್ಯೂಟಿ-6.8-ಬೀಟಾ1 -ರಿಲೀಸ್ -ಎಕ್ಸ್‌ಸಿಬಿ -ಫಾಂಟ್‌ಕಾನ್ಫಿಗ್ -ಐಸಿಯು -ಡಿಬಸ್-ಲಿಂಕ್ಡ್ -ಓಪನ್‌ಎಸ್‌ಎಸ್‌ಎಲ್-ಲಿಂಕ್ಡ್ -ನೋಮೇಕ್ ಎಕ್ಸಾಂಪಲ್ಸ್ -ನೋಮೇಕ್ ಟೆಸ್ಟ್ಸ್

ಪ್ರಿಫಿಕ್ಸ್ ಎಂದರೆ ಕೊನೆಗೆ ಇನ್‌ಸ್ಟಾಲ್ ಆಗುವ ಜಾಗ, ಐಸಿಯು ಭಾಷೆವಾರು ಅಕಾರಾದಿಯಂಥ ಕೆಲಸಗಳ ಲೈಬ್ರರಿ, ಡಿಬಸ್ ಪ್ರೋಗ್ರಾಮುಗಳು ಪರಸ್ಪರ ಮಾತಾಡುವ ದಾರಿ. ಈಗ ಎಕ್ಸ್‌ಸಿಬಿಗೆ ಬೇಕಾದ್ದು ಏನಾದರೂ ಇಲ್ಲದಿದ್ದರೆ ಕಾನ್ಫಿಗರ್ ಅಲ್ಲೇ ನಿಲ್ಲುತ್ತದೆ: ಎಕ್ಸ್‌ಸಿಬಿ ಫೀಚರ್ ಅನ್ನು ಬಲವಂತವಾಗಿ ಆನ್ ಮಾಡಿದರೆ ಅದರ ಷರತ್ತು ಮುರಿಯುತ್ತದೆ ಎಂದು ಹೇಳಿ, ಷರತ್ತನ್ನೂ ಮುದ್ರಿಸುತ್ತದೆ. ಎರಡು ನಿಮಿಷದಲ್ಲಿ ಬೀಳುವ ಬಿಲ್ಡ್ ಎಷ್ಟೋ ಮೇಲು.

ಎಕ್ಸ್‌ಸಿಬಿಯ ಷರತ್ತನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಅತಿ ಹೆಚ್ಚು ಜನ ಮುಗ್ಗರಿಸುವುದು ಇಲ್ಲೇ. ಕ್ಯೂಟಿ ಒಂದೊಂದೇ ಲೈಬ್ರರಿಯನ್ನು ಪರೀಕ್ಷಿಸಿ ಒಂದೊಂದರ ಹೆಸರು ಹೇಳುವುದಿಲ್ಲ. ‘ಎಕ್ಸ್‌ಸಿಬಿ ಸಿಸ್‌ಲಿಬ್ಸ್’ ಎಂಬ ಒಂದೇ ಪುಟ್ಟ ಪ್ರೋಗ್ರಾಮಿಗೆ ಎಲ್ಲ ಎಕ್ಸ್‌ಸಿಬಿ ಹೆಡರ್‌ಗಳನ್ನೂ ಸೇರಿಸಿ ಕಂಪೈಲ್ ಮಾಡಿ ನೋಡುತ್ತದೆ. ಐಸಿಸಿಸಿಎಂ, ಇಮೇಜ್, ಕೀಸಿಮ್ಸ್, ರ‍್ಯಾಂಡ್‌ಆರ್, ರೆಂಡರ್-ಯುಟಿಲ್, ಶೇಪ್, ಎಸ್‌ಎಚ್‌ಎಂ, ಸಿಂಕ್, ಎಕ್ಸ್‌ಫಿಕ್ಸಸ್, ಎಕ್ಸ್‌ಕೆಬಿ, ಕರ್ಸರ್, ಇವುಗಳಲ್ಲಿ ಒಂದರ ‘ಡೆವ್’ ಪ್ಯಾಕೇಜ್ (ಹೆಡರ್‌ಗಳಿರುವುದು ಇದರಲ್ಲಿ) ತಪ್ಪಿದರೂ ಇಡೀ ಎಕ್ಸ್‌ಸಿಬಿ ಹೋಯಿತು. ತಪ್ಪಿದ್ದು ಯಾವುದು ಎಂಬುದು ಬಿಲ್ಡ್ ಫೋಲ್ಡರಿನ ‘ಸಿಮೇಕ್‌ಫೈಲ್ಸ್’ ಒಳಗಿರುವ ‘ಸಿಮೇಕ್‌ಕಾನ್ಫಿಗರ್‌ಲಾಗ್ ಡಾಟ್ ಯಾಮಲ್’ನಲ್ಲಿದೆ. ಅದರಲ್ಲಿ ‘ಎಕ್ಸ್‌ಸಿಬಿ’ ಎಂದು ಹುಡುಕಿದರೆ ಪರೀಕ್ಷಾ ಪ್ರೋಗ್ರಾಮಿನ ನಿಜವಾದ ಕಂಪೈಲರ್ ಎರರ್ ಸಿಗುತ್ತದೆ. ಸಿಮೇಕ್ 3.26ಕ್ಕಿಂತ ಹಳೆಯದಾದರೆ ಇದೇ ಮಾಹಿತಿ ‘ಸಿಮೇಕ್‌ಎರರ್ ಡಾಟ್ ಲಾಗ್’ನಲ್ಲಿರುತ್ತದೆ.

ಹೊಣೆ ಬಹಳ ಸಲ ಕರ್ಸರ್‌ನದು. 6.5ರಿಂದ ಈಚೆಗೆ ‘ಲಿಬ್‌ಎಕ್ಸ್‌ಸಿಬಿ-ಕರ್ಸರ್-ಡೆವ್’ ಕಡ್ಡಾಯ, 6.4ರ ಕಾಲದಲ್ಲಿ ಬರೆದಿಟ್ಟುಕೊಂಡ ಪ್ಯಾಕೇಜ್ ಪಟ್ಟಿಗಳಲ್ಲಿ ಅದು ಇರುವುದಿಲ್ಲ. ಎರಡನೆಯ ಶಂಕಿತ ‘ಲಿಬ್‌ಎಕ್ಸ್‌ಕೆಬಿಕಾಮನ್-ಎಕ್ಸ್11-ಡೆವ್’. ಇದರ ಹೆಸರು ‘ಲಿಬ್‌ಎಕ್ಸ್‌ಕೆಬಿಕಾಮನ್-ಡೆವ್’ಗೆ ಎಷ್ಟು ಹತ್ತಿರವೆಂದರೆ ಒಂದನ್ನು ಹಾಕಿ ಎರಡನ್ನೂ ಹಾಕಿದೆವು ಎಂದುಕೊಳ್ಳುವುದು ಸಹಜ. ಎರಡೂ ಬೇಕು. ಇವುಗಳ ಜತೆಗೆ ಫಾಂಟ್‌ಕಾನ್ಫಿಗ್, ಫ್ರೀಟೈಪ್, ಮೆಸಾದ ಜಿಎಲ್, ಐಸಿಯು, ಡಿಬಸ್, ಎಸ್‌ಎಸ್‌ಎಲ್‌ಗಳ ಡೆವ್ ಪ್ಯಾಕೇಜುಗಳು. ಕ್ಲ್ಯಾಂಗ್ ಲೈಬ್ರರಿ ಸಿಗಲಿಲ್ಲ, ಕ್ಯೂಡಾಕ್ ಬಿಲ್ಡ್ ಆಗುವುದಿಲ್ಲ ಎಂಬ ಎಚ್ಚರಿಕೆ ಎಲ್ಲಾದರೂ ಬಂದರೆ ಅದನ್ನು ಧೈರ್ಯವಾಗಿ ಬಿಡಬಹುದು, ಅದು ದಾಖಲೆ ತಯಾರಿಸುವ ಟೂಲ್ ಮಾತ್ರ.

ಕಾನ್ಫಿಗರ್ ಮುಗಿದ ಮೇಲೆ ಬಿಲ್ಡ್ ಫೋಲ್ಡರಿನಲ್ಲಿ ‘ಕಾನ್ಫಿಗ್ ಡಾಟ್ ಸಮರಿ’ ಎಂಬ ಫೈಲ್ ಇರುತ್ತದೆ. ಬಿಲ್ಡ್ ಕಮ್ಯಾಂಡ್ ಕೊಡುವ ಮುಂಚೆ ಅದನ್ನು ಓದಿ. ಪೂರ್ತಿ ಬೇಡ, ಇಷ್ಟು ಸಾಲು ಸಾಕು: ಕ್ಯೂಟಿ ಕೋರ್ ಕೆಳಗೆ ಐಸಿಯು, ಕ್ಯೂಟಿ ಗುಯ್ ಕೆಳಗೆ ಫಾಂಟ್‌ಕಾನ್ಫಿಗ್, ಅಕ್ಷರದ ಆಕಾರ ಕೂಡಿಸುವ ಹಾರ್ಫ್‌ಬಜ್, ಎಕ್ಸ್‌ಸಿಬಿ, ಕ್ಯೂಟಿ ನೆಟ್‌ವರ್ಕ್ ಕೆಳಗೆ ಓಪನ್‌ಎಸ್‌ಎಸ್‌ಎಲ್. ಎಲ್ಲದರ ಮುಂದೆ ‘ಯೆಸ್’ ಇರಬೇಕು.

ಏನನ್ನಾದರೂ ಬದಲಿಸಿ ಮತ್ತೆ ಕಾನ್ಫಿಗರ್ ಮಾಡುವಾಗ ಹಳೆಯ ಬಿಲ್ಡ್ ಫೋಲ್ಡರನ್ನು ಅಳಿಸಿಬಿಡಿ. ಹೊಸ ಡೆವ್ ಪ್ಯಾಕೇಜ್ ಹಾಕಿದ ಮಾತ್ರಕ್ಕೆ ಸಿಮೇಕ್ ತನ್ನ ತೀರ್ಮಾನ ಬದಲಿಸುತ್ತದೆ ಎಂದೇನಿಲ್ಲ. ಪರೀಕ್ಷೆ ಸೋತಿತು ಎಂದು ಒಮ್ಮೆ ‘ಸಿಮೇಕ್‌ಕ್ಯಾಶ್ ಡಾಟ್ ಟಿಎಕ್ಸ್‌ಟಿ’ಯಲ್ಲಿ ಬರೆದುಕೊಂಡರೆ ಆ ಪರೀಕ್ಷೆಯನ್ನು ಮತ್ತೆ ಮಾಡುವುದೇ ಇಲ್ಲ. ‘ಪ್ಯಾಕೇಜ್ ಹಾಕಿದ್ದೇನೆ, ಆದರೂ ಇಲ್ಲ ಅನ್ನುತ್ತಿದೆ’ ಎಂಬ ದೂರಿನ ಹಿಂದೆ ಬಹುಪಾಲು ಇದೇ ಇರುತ್ತದೆ. ಹಿಂದೆ ಕೊಟ್ಟ ಆಯ್ಕೆಗಳು ‘ಕಾನ್ಫಿಗ್ ಡಾಟ್ ಆಪ್ಟ್’ ಫೈಲಿನಲ್ಲಿವೆ, ಅಳಿಸುವ ಮೊದಲು ಅದನ್ನೊಂದು ಕಡೆ ನಕಲು ಮಾಡಿಟ್ಟುಕೊಂಡರೆ ಮತ್ತೆ ಟೈಪ್ ಮಾಡುವ ಕಷ್ಟವಿಲ್ಲ.

‘ಡೆವಲಪರ್-ಬಿಲ್ಡ್’ ಆಯ್ಕೆಯ ಬಗ್ಗೆ ಒಂದು ಮಾತು. ಡೆವಲಪರ್ ನಾವೇ ಅಲ್ಲವೇ ಎಂದು ಅನೇಕರು ಹಾಕುತ್ತಾರೆ. ಅದು ಕ್ಯೂಟಿಯನ್ನೇ ತಿದ್ದುವವರಿಗೆ. ಅದನ್ನು ಹಾಕಿದರೆ ಟೆಸ್ಟ್‌ಗಳೂ ಬಿಲ್ಡ್‌ಗೆ ಸೇರುತ್ತವೆ, ಕಂಪೈಲರ್‌ನ ಪ್ರತಿ ಎಚ್ಚರಿಕೆಯೂ ಎರರ್ ಆಗುತ್ತದೆ. ಬೀಟಾ ಹೊರಬಂದ ಮೇಲೆ ಬಿಡುಗಡೆಯಾದ ಜಿಸಿಸಿಯೊಂದು ಹೊಸ ಬಗೆಯ ಎಚ್ಚರಿಕೆ ಕೊಡಲು ಶುರುಮಾಡಿದ್ದರೆ ಅಷ್ಟಕ್ಕೇ ಬಿಲ್ಡ್ ಬೀಳುತ್ತದೆ. ಬೇಕೇ ಬೇಕೆಂದರೆ ಜತೆಗೆ ‘-ನೋ-ವಾರ್ನಿಂಗ್ಸ್-ಆರ್-ಎರರ್ಸ್’ ಕೊಡಿ.

ಬಿಲ್ಡ್ ನಡುವೆ: ಮೊದಲ ಎರರ್ ಎಲ್ಲಿ

ನಿಂಜಾಗೆ ಏನೂ ಹೇಳದಿದ್ದರೆ ಅದು ಥ್ರೆಡ್‌ಗಳ ಸಂಖ್ಯೆಗೆ 2 ಸೇರಿಸಿ ಅಷ್ಟು ಕೆಲಸಗಳನ್ನು ಒಟ್ಟಿಗೆ ಹಚ್ಚುತ್ತದೆ. ಈ ಯಂತ್ರದಲ್ಲಿ 18. ರ‍್ಯಾಮ್ 16 ಜಿಬಿ. ಕ್ಯೂಟಿಡಿಕ್ಲರೇಟಿವ್‌ನ ದೊಡ್ಡ ಫೈಲ್‌ಗಳು ಒಟ್ಟಿಗೆ ಬಂದ ಗಳಿಗೆಯಲ್ಲಿ ಡೆಸ್ಕ್‌ಟಾಪ್ ಕಲ್ಲಾಗಿ ಕೂರುತ್ತದೆ, ಆಮೇಲೆ ‘ಸಿಸಿ1ಪ್ಲಸ್ ಕಿಲ್ಡ್’ ಎಂಬ ಸಂದೇಶ. ಇದು ಕೋಡಿನ ತಪ್ಪಲ್ಲ, ಕಂಪೈಲರ್‌ನ ತಪ್ಪೂ ಅಲ್ಲ. ‘ಡಿಮೆಸೆಜ್’ನ ಕೊನೆಯ ಸಾಲುಗಳಲ್ಲಿ ‘ಔಟ್ ಆಫ್ ಮೆಮೊರಿ’ ಇದೆಯೇ ನೋಡಿ, ಇದ್ದರೆ ಕರ್ನಲ್ಲೇ ಅದನ್ನು ಕೊಂದಿದೆ ಎಂದರ್ಥ. ಒಂದು ಕೆಲಸಕ್ಕೆ 2 ಜಿಬಿ ಎಂದು ಲೆಕ್ಕ ಹಾಕಿ, ಡೆಸ್ಕ್‌ಟಾಪಿಗೂ ಬ್ರೌಸರ್‌ಗೂ ಒಂದಿಷ್ಟು ಬಿಟ್ಟರೆ ಇಲ್ಲಿಗೆ 6 ಸರಿ: ‘ಸಿಮೇಕ್ --ಬಿಲ್ಡ್ . --ಪ್ಯಾರಲಲ್ 6’. 18 ಹಾಕಿ ಸ್ವಾಪ್‌ಗೆ ಇಳಿದ ಯಂತ್ರಕ್ಕಿಂತ 6ರಲ್ಲಿ ಓಡುವ ಯಂತ್ರ ಬೇಗ ಮುಗಿಸುತ್ತದೆ. ಲಿಂಕ್ ಹಂತದಲ್ಲಿ ಮಾತ್ರ ಮೆಮೊರಿ ಉಕ್ಕುವುದಿದ್ದರೆ 8 ಜಿಬಿಯ ಸ್ವಾಪ್ ಫೈಲ್ ಒಂದು ಸೇರಿಸಿಕೊಳ್ಳಿ: ‘ಎಫ್‌ಅಲೊಕೇಟ್’ನಿಂದ ಫೈಲ್ ಮಾಡಿ, ಅನುಮತಿ 600ಕ್ಕೆ ಇಳಿಸಿ, ‘ಎಂಕೆಸ್ವಾಪ್’, ‘ಸ್ವಾಪ್‌ಆನ್’. ಕೊಂದ ಸಲಕ್ಕೆಲ್ಲ ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂಜಾ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ನಿಜವಾದ ಎರರ್ ಬಂದಾಗ ಪರದೆಯ ಕೊನೆಯ ಸಾಲನ್ನು ನಂಬಬೇಡಿ. ಆರು ಕೆಲಸ ಒಟ್ಟಿಗೆ ನಡೆಯುತ್ತಿರುವಾಗ ಒಂದು ಬಿದ್ದರೂ ಉಳಿದ ಐದು ತಮ್ಮ ಪಾಡಿಗೆ ಮುಗಿಸಿ ಆಮೇಲೆ ನಿಲ್ಲುತ್ತವೆ, ಅವುಗಳ ಎಚ್ಚರಿಕೆಗಳೆಲ್ಲ ಕೆಳಗೆ ಬಂದಿರುತ್ತವೆ. ಬಿಲ್ಡ್‌ನ ಔಟ್‌ಪುಟ್‌ಅನ್ನು ‘ಟೀ’ ಮೂಲಕ ಒಂದು ಲಾಗ್ ಫೈಲಿಗೆ ಹಾಯಿಸಿ, ಅದರಲ್ಲಿ ‘ಫೇಲ್ಡ್’ ಎಂಬ ದೊಡ್ಡಕ್ಷರದ ಪದ ಮೊದಲ ಸಲ ಬಂದ ಜಾಗ ಹುಡುಕಿ. ಅದರ ಕೆಳಗೆ ಪೂರ್ತಿ ಕಂಪೈಲ್ ಕಮ್ಯಾಂಡ್, ಅದರ ಕೆಳಗೆ ಎರರ್. ಆ ಕಮ್ಯಾಂಡಿನ ಸಾಲನ್ನು ಜನ ದಾಟಿಬಿಡುತ್ತಾರೆ, ಉತ್ತರ ಅಲ್ಲೇ ಇರುವುದುಂಟು. ಕೆಳಗಿನ ಪ್ರಕರಣ ಹಾಗೆಯೇ.

ಐಸಿಯು ಮತ್ತು ಹೆಸರಿನ ಬಾಲದ 73

ಕ್ಯೂಟಿ ಕೋರ್ ಲಿಂಕ್ ಆಗುವಾಗ, ಅಂದರೆ ಕಂಪೈಲ್ ಆದ ತುಂಡುಗಳನ್ನು ಜೋಡಿಸುವಾಗ, ಬಿಲ್ಡ್ ಬಿತ್ತು. ದೂರು: ‘ಯುಕೋಲ್_ಓಪನ್_73’ ಎಂಬ ಹೆಸರಿಗೆ ಅನ್‌ಡಿಫೈನ್ಡ್ ರೆಫರೆನ್ಸ್, ಅದರ ಹಿಂದೆ ‘_73’ ಎಂದು ಮುಗಿಯುವ ಇನ್ನೂ ಒಂದು ಡಜನ್ ಹೆಸರು. ಕಾನ್ಫಿಗರ್ ಸಮರಿಯಲ್ಲಿ ಐಸಿಯು ಮುಂದೆ ‘ಯೆಸ್’ ಇದೆ. ಲಿಬ್‌ಐಸಿಯು-ಡೆವ್ ಇದೆ. ಮತ್ತೇನು?

ಬಾಲದ ಅಂಕಿ ನೋಡಿ. ಐಸಿಯು ತನ್ನ ಪ್ರತಿ ಫಂಕ್ಷನ್ ಹೆಸರಿನ ಕೊನೆಗೂ ತನ್ನ ಆವೃತ್ತಿಯನ್ನು ಅಂಟಿಸುತ್ತದೆ. ಕೋಡಿನಲ್ಲಿ ‘ಯುಕೋಲ್_ಓಪನ್’ ಎಂದು ಬರೆದಿದ್ದರೂ ಹೆಡರ್‌ನ ಮ್ಯಾಕ್ರೊ ಅದನ್ನು ‘ಯುಕೋಲ್_ಓಪನ್_ಇಂತಿಷ್ಟು’ ಎಂದು ಮಾಡುತ್ತದೆ. ಉಬುಂಟು 24.04ರ ಐಸಿಯು 74. ಅಂದರೆ ಕಂಪೈಲ್ ಹೊತ್ತಿಗೆ ಓದಿದ ಹೆಡರ್ 73ರದು, ಲಿಂಕ್ ಹೊತ್ತಿಗೆ ಸಿಕ್ಕ ಲೈಬ್ರರಿ 74ರದು. ಸಿಸ್ಟಂನಲ್ಲಿ ಇಲ್ಲದ 73 ಎಲ್ಲಿಂದ ಬಂತು?

ಕಂಪೈಲ್ ಕಮ್ಯಾಂಡಿನಲ್ಲಿ ‘-ಐಸಿಸ್ಟಂ’ ಹಿಂದೆ ಹೋಮ್ ಫೋಲ್ಡರಿನ ‘ಮಿನಿಕಾಂಡಾ3/ಇನ್‌ಕ್ಲೂಡ್’ ಕುಳಿತಿದೆ. ಟರ್ಮಿನಲ್ ತೆರೆದಾಗ ಪ್ರಾಂಪ್ಟಿನ ಮೊದಲಿಗೆ ‘ಬೇಸ್’ ಎಂದು ಬರುತ್ತಿತ್ತು, ಅಂದರೆ ತನ್ನದೇ ಲೈಬ್ರರಿಗಳನ್ನು ಹೋಮ್ ಫೋಲ್ಡರಿನಲ್ಲಿ ಇಟ್ಟುಕೊಳ್ಳುವ ಪ್ಯಾಕೇಜ್ ವ್ಯವಸ್ಥೆ ಕಾಂಡಾದ ಪರಿಸರ ತಾನಾಗಿ ಆನ್ ಆಗಿದೆ. ಸಿಮೇಕ್ ಲೈಬ್ರರಿ ಹುಡುಕುವಾಗ ‘ಪಾಥ್’ನಲ್ಲಿರುವ ಪ್ರತಿ ಬಿನ್ ಫೋಲ್ಡರಿನ ಅಕ್ಕಪಕ್ಕದಲ್ಲೂ ಇಣುಕುತ್ತದೆ. ಜಿಲಿಬ್ ಎಂಬ ಇನ್ನೊಂದು ಲೈಬ್ರರಿ ಬೇಕೆಂದು ಹುಡುಕಿದಾಗ ಕಾಂಡಾದ ಜಿಲಿಬ್ ಮೊದಲು ಸಿಕ್ಕಿತು, ಅದರ ಇನ್‌ಕ್ಲೂಡ್ ಫೋಲ್ಡರ್ ಕಂಪೈಲರ್‌ಗೆ ಹೋಯಿತು. ಅದೇ ಫೋಲ್ಡರಿನಲ್ಲಿ ಕಾಂಡಾದ ಐಸಿಯು ಹೆಡರ್‌ಗಳೂ ಇದ್ದವು. ಸಿಸ್ಟಂನ ಐಸಿಯು ಹೆಡರ್‌ಗಳಿರುವ ‘/ಯುಎಸ್‌ಆರ್/ಇನ್‌ಕ್ಲೂಡ್’ ಅನ್ನು ಕಂಪೈಲರ್ ಕೊನೆಗೆ ನೋಡುವುದರಿಂದ 73 ಗೆದ್ದಿತು. ಜಿಲಿಬ್ ಮಾಡಿದ ತಪ್ಪಿಗೆ ಐಸಿಯುಗೆ ಪೆಟ್ಟು.

‘ಲಿಬ್‌ಐಸಿಯು’ವನ್ನು ತೆಗೆದು ಮತ್ತೆ ಹಾಕುವುದು, ಸಿಂಬಾಲಿಕ್ ಲಿಂಕ್ ಕೊಟ್ಟು 74ನ್ನು 73 ಎಂದು ನಂಬಿಸುವುದು, ‘-ನೋ-ಐಸಿಯು’ ಹಾಕಿ ಮುಂದೆ ಹೋಗುವುದು, ಇವೆಲ್ಲ ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ದಾರಿಗಳು. ಸರಿಯಾದ ಪರಿಹಾರ: ‘ಕಾಂಡಾ ಡಿಆಕ್ಟಿವೇಟ್’, ಬಿಲ್ಡ್ ಫೋಲ್ಡರ್ ಅಳಿಸಿ ಮತ್ತೆ ಕಾನ್ಫಿಗರ್. ಆಮೇಲೆ ಸಿಮೇಕ್‌ಕ್ಯಾಶ್ ಫೈಲಿನಲ್ಲಿ ‘ಕಾಂಡಾ’ ಎಂದು ಗ್ರೆಪ್ ಮಾಡಿ, ಒಂದೂ ಸಾಲು ಬರಬಾರದು. ಕಾಂಡಾ ಆನ್ ಇರಲೇಬೇಕು ಎನ್ನುವವರು ಕಾನ್ಫಿಗರ್‌ನ ಕೊನೆಗೆ ಎರಡು ಅಡ್ಡಗೆರೆ ಹಾಕಿ, ಅದರ ಹಿಂದೆ ‘ಸಿಮೇಕ್_ಇಗ್ನೋರ್_ಪ್ರಿಫಿಕ್ಸ್_ಪಾಥ್’ಗೆ ಮಿನಿಕಾಂಡಾದ ಪೂರ್ತಿ ಪಾಥ್ ಕೊಡಬಹುದು. ಈ ವೇರಿಯಬಲ್ ಸಿಮೇಕ್ 3.23ರಿಂದ ಇದೆ. ಕಾಂಡಾ ಒಂದೇ ಅಲ್ಲ, ಹೋಮ್ ಫೋಲ್ಡರಿನಲ್ಲಿ ಬಿನ್, ಲಿಬ್, ಇನ್‌ಕ್ಲೂಡ್ ಮೂರನ್ನೂ ಇಟ್ಟುಕೊಂಡ ಯಾವ ಟೂಲ್‌ಚೈನ್ ಆದರೂ ಇದೇ ಆಟ ಆಡಬಲ್ಲದು.

ತಪ್ಪು ನಿಜಕ್ಕೂ ಸೋರ್ಸ್‌ನಲ್ಲೇ ಇದ್ದಾಗ

ಬೀಟಾ ಅಂದಮೇಲೆ ಇದೂ ಇದ್ದದ್ದೇ, ಜನ ಅಂದುಕೊಂಡಷ್ಟು ಸಲವಂತೂ ಅಲ್ಲ. ಪರಿಚಿತ ಜಾತಿ ಒಂದಿದೆ: ‘ಯುಇಂಟ್32_ಟಿ’ ಒಂದು ಟೈಪ್ ಅಲ್ಲ ಎಂಬ ಎರರ್, ಅದೂ ‘3ನೇ ಪಾರ್ಟಿ’ ಫೋಲ್ಡರಿನೊಳಗಿನ ಹಳೆಯ ಕೋಡಿನಲ್ಲಿ. ಜಿಸಿಸಿ 13 ಬಂದಾಗ ಅದರ ಕೆಲವು ಹೆಡರ್‌ಗಳು ‘ಸಿಎಸ್‌ಟಿಡಿಇಂಟ್’ ಹೆಡರನ್ನು ತಾವಾಗಿ ಒಳಗೆ ತರುವುದನ್ನು ನಿಲ್ಲಿಸಿದವು. ಅಲ್ಲಿಯವರೆಗೆ ಪಕ್ಕದ ಮನೆಯ ಸಕ್ಕರೆಯಲ್ಲೇ ಕಾಫಿ ಮಾಡಿಕೊಂಡಿದ್ದ ಕೋಡೆಲ್ಲ ಆಗ ಬಿತ್ತು. ಹೊಸ ಕಂಪೈಲರ್ ಹಾಕಿ ಹಳೆಯ ಬೀಟಾ ಬಿಲ್ಡ್ ಮಾಡುವವರಿಗೆ ಇದು ಈಗಲೂ ಸಿಗುತ್ತದೆ. ಆ ಫೈಲಿನ ತಲೆಯಲ್ಲಿ ಒಂದು ಇನ್‌ಕ್ಲೂಡ್ ಸಾಲು ಸೇರಿಸಿದರೆ ಮುಗಿಯಿತು. ತುಂಬ ಫೈಲುಗಳಿದ್ದರೆ ‘ಸಿಮೇಕ್_ಸಿಎಕ್ಸ್ಎಕ್ಸ್_ಫ್ಲ್ಯಾಗ್ಸ್’ಗೆ ‘-ಇನ್‌ಕ್ಲೂಡ್ ಸಿಎಸ್‌ಟಿಡಿಇಂಟ್’ ಕೊಟ್ಟು ಕಾಲ ಹಾಕಬಹುದು, ಚೆಂದವಲ್ಲ, ಆದರೆ ಕೆಲಸ ಮಾಡುತ್ತದೆ.

ಬೇರೆ ಬಗೆಯದಾದರೆ ಕ್ಯೂಟಿಯ ಬಗ್ ಪಟ್ಟಿಯಲ್ಲೂ ಕೋಡ್ ಬದಲಾವಣೆಗಳನ್ನು ಪರಿಶೀಲಿಸುವ ತಾಣ ಗೆರಿಟ್‌ನಲ್ಲೂ ಎರರ್‌ನ ಫೈಲ್ ಹೆಸರನ್ನೇ ಹುಡುಕಿ. ಎರರ್‌ನ ಪೂರ್ತಿ ವಾಕ್ಯ ಹಾಕಿದರೆ ಏನೂ ಸಿಗದು. ಸರಿಪಡಿಸಿದ ಕಮಿಟ್ ಸಿಕ್ಕರೆ ಅದೊಂದನ್ನೇ ಚೆರ‍್ರಿ-ಪಿಕ್ ಮಾಡಿ, ಆ ಮಾಡ್ಯೂಲನ್ನು ಬ್ರ್ಯಾಂಚಿನ ತುದಿಗೆ ಎಳೆಯಬೇಡಿ. ಎಳೆದರೆ ಮೇಲೆ ಹೇಳಿದ ಪ್ಲಸ್ ಗುರುತಿನ ಕಥೆ ಮತ್ತೆ ಶುರು. ಹೊಸದಾಗಿ ವರದಿ ಮಾಡುವುದಿದ್ದರೆ ಕಾನ್ಫಿಗ್ ಸಮರಿ, ಮೊದಲ ‘ಫೇಲ್ಡ್’ ತುಣುಕು, ಕಂಪೈಲರ್ ಆವೃತ್ತಿ, ಸಬ್‌ಮಾಡ್ಯೂಲ್ ಸ್ಟೇಟಸ್, ಈ ನಾಲ್ಕು ಇರಲಿ.

ಬಿಲ್ಡ್ ಫೋಲ್ಡರಿನಲ್ಲಿ ಓಡುತ್ತದೆ, ಇನ್‌ಸ್ಟಾಲ್ ಮಾಡಿದರೆ ಇಲ್ಲ

‘ಸಿಮೇಕ್ --ಇನ್‌ಸ್ಟಾಲ್ .’ ಕೊಟ್ಟರೆ ಕ್ಯೂಟಿ ‘/ಆಪ್ಟ್’ಗೆ ಹೋಗುತ್ತದೆ. ಪ್ರಿಫಿಕ್ಸ್ ಅನ್ನು ‘/ಯುಎಸ್‌ಆರ್’ಗೆ ಮಾತ್ರ ಇಡಬೇಡಿ. ಉಬುಂಟು 24.04ರದೇ ಕ್ಯೂಟಿ 6.4.2 ಅಲ್ಲಿದೆ, ಸಿಸ್ಟಂನ ಅಪ್ಲಿಕೇಶನ್‌ಗಳು ಅದನ್ನು ನಂಬಿಕೊಂಡಿವೆ.

ನಿಮ್ಮ ಅಪ್ಲಿಕೇಶನ್ ಅನ್ನು ಕಾನ್ಫಿಗರ್ ಮಾಡಲು ಬರಿಯ ಸಿಮೇಕ್ ಬದಲು ‘/ಆಪ್ಟ್’ನ ಬಿನ್‌ನಲ್ಲಿರುವ ‘ಕ್ಯೂಟಿ-ಸಿಮೇಕ್’ ಬಳಸಿ, ಹಾದಿ ತಪ್ಪುವುದಿಲ್ಲ. ಅಪ್ಲಿಕೇಶನ್ ಬಿಲ್ಡ್ ಫೋಲ್ಡರಿನಲ್ಲಿ ಚೆನ್ನಾಗಿ ತೆರೆಯುತ್ತದೆ. ಇನ್‌ಸ್ಟಾಲ್ ಮಾಡಿದ ಪ್ರತಿ ಮಾತ್ರ ‘ಕ್ಯೂಟಿ_6.8 ಆವೃತ್ತಿ ಸಿಗಲಿಲ್ಲ’ ಎಂದು ಬೀಳುತ್ತದೆ. ಸಿಮೇಕ್ ಬಿಲ್ಡ್ ಮಾಡುವಾಗ ಬೈನರಿಯೊಳಗೆ ‘/ಆಪ್ಟ್’ನ ಪಾಥ್ ಬರೆದಿಡುತ್ತದೆ, ಇನ್‌ಸ್ಟಾಲ್ ಮಾಡುವಾಗ ಅದನ್ನು ಒರೆಸುತ್ತದೆ. ಆಗ ಲೋಡರ್ ಸಿಸ್ಟಂನ 6.4.2ಕ್ಕೆ ಹೋಗಿ ಬೀಳುತ್ತದೆ. ‘ಸಿಮೇಕ್_ಇನ್‌ಸ್ಟಾಲ್_ಆರ್‌ಪಾಥ್_ಯೂಸ್_ಲಿಂಕ್_ಪಾಥ್’ ಆನ್ ಮಾಡಿದರೆ ಪಾಥ್ ಉಳಿಯುತ್ತದೆ. ಎರಡೂ ಪ್ರತಿಗಳಿಗೆ, ಯಾವ ಲೈಬ್ರರಿ ಎಲ್ಲಿಂದ ಬರುತ್ತದೆ ಎಂದು ತೋರಿಸುವ ‘ಎಲ್‌ಡಿಡಿ’ ಓಡಿಸಿ ಕ್ಯೂಟಿ ಸಾಲುಗಳನ್ನು ಹೋಲಿಸಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಪ್ಲಗಿನ್‌ಗಳದು ಬೇರೆ ಜಗಳ. ‘ಹೊಂದಿಕೆಯಾಗದ ಕ್ಯೂಟಿ ಲೈಬ್ರರಿ ಬಳಸುತ್ತಿದೆ’ ಎಂದು ಬಂದರೆ ಮೊದಲು ಎನ್ವಿರಾನ್‌ಮೆಂಟ್‌ನಲ್ಲಿ ‘ಕ್ಯೂಟಿ_’ ಎಂದು ಶುರುವಾಗುವ ವೇರಿಯಬಲ್‌ಗಳನ್ನು ನೋಡಿ. ಯಾವುದೋ ಕಾಲದಲ್ಲಿ ಬ್ಯಾಷ್‌ಆರ್‌ಸಿಯಲ್ಲಿ ಬರೆದು ಮರೆತ ‘ಕ್ಯೂಟಿ_ಪ್ಲಗಿನ್_ಪಾಥ್’ ಒಂದು ಅಲ್ಲಿರುತ್ತದೆ. ಎಕ್ಸ್‌ಸಿಬಿ ಪ್ಲಗಿನ್ ‘ಸಿಕ್ಕಿದೆ, ಆದರೆ ಲೋಡ್ ಮಾಡಲಾಗಲಿಲ್ಲ’ ಎಂದರೆ ‘ಕ್ಯೂಟಿ_ಡಿಬಗ್_ಪ್ಲಗಿನ್ಸ್’ಗೆ 1 ಕೊಟ್ಟು ಓಡಿಸಿ. ಯಾವ ಲೈಬ್ರರಿ ಇಲ್ಲ ಎಂಬುದನ್ನು ಹೆಸರು ಹಿಡಿದು ಹೇಳುತ್ತದೆ. ಬಿಲ್ಡ್ ಮಾಡಿದ ಯಂತ್ರದಿಂದ ಬೇರೆ ಯಂತ್ರಕ್ಕೆ ಒಯ್ದಾಗ ಆ ಹೆಸರು ಸಾಮಾನ್ಯವಾಗಿ ಎಕ್ಸ್‌ಸಿಬಿ-ಕರ್ಸರ್.

ಕನ್ನಡದ ಪರೀಕ್ಷೆ

ಕಿಟಕಿ ತೆರೆದ ಮೇಲೆ ಮೂರು ಪದ ತೋರಿಸಿ ನೋಡಿ: ಸೂರ್ಯ, ರಾಷ್ಟ್ರ, ಜ್ಞಾನ. ಕೆಡುವ ಬಗೆ ಎರಡು, ಕಾರಣವೂ ಎರಡು, ಬೆರೆಸಬಾರದು.

ಬರೀ ಚೌಕಗಳು ಕಂಡರೆ ಕ್ಯೂಟಿಗೆ ಕನ್ನಡ ಅಕ್ಷರಗಳಿರುವ ಫಾಂಟೇ ಸಿಕ್ಕಿಲ್ಲ. ಟರ್ಮಿನಲ್‌ನಲ್ಲಿ ‘ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್’ ಕೊಡಿ. ಅದೂ ಖಾಲಿ ಬಂದರೆ ಫಾಂಟ್ ಹಾಕಿಲ್ಲ, ಗುಬ್ಬಿ, ನವಿಲು ಅಥವಾ ನೋಟೊ ಸಾನ್ಸ್ ಕನ್ನಡ ಯಾವುದಾದರೊಂದನ್ನು ಹಾಕಿ. ಅಲ್ಲಿ ಫಾಂಟ್ ಇದ್ದು ಕಿಟಕಿಯಲ್ಲಿ ಇಲ್ಲವೆಂದರೆ ಬಿಲ್ಡ್‌ನಲ್ಲಿ ಫಾಂಟ್‌ಕಾನ್ಫಿಗ್ ಇಲ್ಲ. ಆಗ ಕ್ಯೂಟಿ ತನ್ನದೇ ಲಿಬ್ ಫೋಲ್ಡರಿನಲ್ಲಿ ಫಾಂಟ್ಸ್ ಎಂಬ ಫೋಲ್ಡರ್ ಹುಡುಕಿ, ಸಿಗಲಿಲ್ಲ, ಕ್ಯೂಟಿ ಈಗ ಫಾಂಟ್ ಕೊಡುವುದಿಲ್ಲ ಎಂದು ಟರ್ಮಿನಲ್‌ನಲ್ಲಿ ಗೊಣಗಿರುತ್ತದೆ.

ಅಕ್ಷರಗಳು ಕಂಡು, ಒತ್ತು ಕೆಳಗಿಳಿಯದೆ, ಅರ್ಕಾವತ್ತು ಬಲಕ್ಕೆ ಬಾರದೆ, ನಡುವೆ ವಿರಾಮ ಚಿಹ್ನೆ ಉಳಿದಿದ್ದರೆ ತಪ್ಪಿದ್ದು ಹಾರ್ಫ್‌ಬಜ್. ಯೂನಿಕೋಡ್ ಅಂಕಿಗಳ ಸಾಲಿನಿಂದ ಸರಿಯಾದ ಆಕಾರ ಆರಿಸಿ ಕೂಡಿಸುವುದು ಅದರ ಕೆಲಸ. ಅದರ ಪ್ರತಿ ಕ್ಯೂಟಿಯ ಸೋರ್ಸ್ ಜತೆಗೇ ಬರುವುದರಿಂದ ತಾನಾಗಿ ತಪ್ಪುವುದಿಲ್ಲ. ಬಿಲ್ಡ್ ಚಿಕ್ಕದಾಗಲಿ ಎಂದು ಯಾರೋ ಫೀಚರ್‌ಗಳನ್ನು ಆಫ್ ಮಾಡುತ್ತ ಹೋದಾಗ ಇದೂ ಹೋಗಿರುತ್ತದೆ. ಇಂಗ್ಲಿಷ್ ಒಂದನ್ನೇ ನೋಡುವವರಿಗೆ ಆ ನಷ್ಟ ಕಾಣುವುದೇ ಇಲ್ಲ. ಇನ್ನು ಐಸಿಯು ಇಲ್ಲದಿದ್ದರೆ ಪರದೆಯ ಮೇಲೆ ಏನೂ ಕೆಟ್ಟು ಕಾಣದು, ಆದರೆ ಪದಗಳನ್ನು ಕ್ರಮವಾಗಿ ಜೋಡಿಸುವ ಕ್ಯೂಕೊಲೇಟರ್‌ಗೆ ಕನ್ನಡದ ಅಕಾರಾದಿ ಬೇಕು ಎಂದರೆ ಕೊಡಲಾಗದು, ಸಿಸ್ಟಂನ ಲೊಕೇಲ್ ಏನಿದೆಯೋ ಅದೇ ಗತಿ.

ಟೈಪಿಂಗ್ ಕೊನೆಯದು. ಸಿಸ್ಟಂನ ಎಕ್ಸ್‌ಕೆಬಿ ಕನ್ನಡ ಕೀಲಿಮಣೆ ಮೊದಲು ಪ್ರಯತ್ನಿಸಿ, ಆಮೇಲೆ ಐಬಸ್‌ನ ಎಂ17ಎನ್ ಮೂಲಕ ಬರುವ ಕಗಪ ವಿನ್ಯಾಸ. ಮೊದಲನೆಯದಕ್ಕೆ ಐಬಸ್ ಬೇಕಿಲ್ಲ, ಅದು ಎಕ್ಸ್‌ಕೆಬಿಕಾಮನ್ ಮೂಲಕವೇ ಬರುತ್ತದೆ. ಅದು ನಡೆದು ಎರಡನೆಯದು ನಡೆಯದಿದ್ದರೆ ‘/ಆಪ್ಟ್’ನ ‘ಪ್ಲಗಿನ್ಸ್/ಪ್ಲಾಟ್‌ಫಾರ್ಮ್‌ಇನ್‌ಪುಟ್‌ಕಾಂಟೆಕ್ಸ್ಟ್ಸ್’ ಫೋಲ್ಡರಿನಲ್ಲಿ ಐಬಸ್ ಹೆಸರಿನ ಪ್ಲಗಿನ್ ಇದೆಯೇ ನೋಡಿ. ಇಲ್ಲದಿದ್ದರೆ ಡಿಬಸ್ ಇಲ್ಲದೆ ಬಿಲ್ಡ್ ಆಗಿದೆ. ಇದ್ದರೆ ‘ಕ್ಯೂಟಿ_ಐಎಂ_ಮಾಡ್ಯೂಲ್’ಗೆ ‘ಐಬಸ್’ ಎಂದು ಕೊಟ್ಟು ಅಪ್ಲಿಕೇಶನ್ ತೆರೆಯಿರಿ. ಐಬಸ್ ಬದಲು ಎಫ್‌ಸಿಟಿಎಕ್ಸ್5 ಬಳಸುವವರಿಗೆ ಇಷ್ಟು ಸಾಲದು. ಅದರ ಪ್ಲಗಿನ್ ಕ್ಯೂಟಿ ಸೋರ್ಸ್‌ನಲ್ಲಿ ಇಲ್ಲ, ಖಾಸಗಿ ಹೆಡರ್‌ಗಳನ್ನೂ ಬಳಸುತ್ತದೆ. ಉಬುಂಟುವಿನ ಪ್ಯಾಕೇಜ್ 6.4.2ಕ್ಕೆ ಹೊಲಿದ ಅಂಗಿ, ಈ ಬೀಟಾಕ್ಕೆ ಮತ್ತೆ ಬಿಲ್ಡ್ ಮಾಡಿಯೇ ಹಾಕಬೇಕು. ಬೀಟಾ1ರಿಂದ ಬೀಟಾ2ಕ್ಕೆ ಹೋದರೆ ಇನ್ನೊಮ್ಮೆ.